ಬಿಸಿಲು ಬೀಳುವ ಎರಡು ಸೀಟು

ಯಜಮಾನರು ತೀರಿಕೊಂಡ ಇಪ್ಪತ್ತೆರಡನೆಯ ದಿನ ನಾನು ಹಾಕಿ ಪಂದ್ಯ ನೋಡಲು ಹೋದೆ. ಜನ ಏನೆಂದುಕೊಳ್ಳುತ್ತಾರೋ ಎಂದು ಊರಿಗೆ ಫೋನು ಮಾಡಿದಾಗ ಹೇಳಲಿಲ್ಲ. ಗುರುಗ್ರಾಮದಲ್ಲಿ ಕೆಲಸಕ್ಕಿರುವ ಮಗಳಿಗೂ ಹೇಳಲಿಲ್ಲ. ನಮ್ಮ ಮನೆಯಿರುವ ಫರೀದಾಬಾದಿನಲ್ಲಿ ಮೆಟ್ರೋ ಹತ್ತಿದಾಗ ನನ್ನ ಕೈಚೀಲದಲ್ಲಿ ನನ್ನ ಫೋನಿನ ಜೊತೆ ಅವರ ಫೋನೂ ಇತ್ತು. ಪಂದ್ಯದ ದಿನ ಎರಡೂ ಫೋನನ್ನು ಚಾರ್ಜಿಗೆ ಹಾಕಿ, ಎರಡನ್ನೂ ಚೀಲಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು. ಅವತ್ತೂ ಕೈ ತನ್ನಷ್ಟಕ್ಕೆ ಅದನ್ನು ಮಾಡಿತು.

ಹಾಕಿ ನನ್ನ ಕಡೆಯಿಂದ ನಮ್ಮ ಮನೆಗೆ ಬಂದದ್ದು. ನಾನು ಮಡಿಕೇರಿಯಲ್ಲಿ ಬೆಳೆದವಳು. ಅಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಬೇಸಿಗೆಯಲ್ಲಿ ಪಂದ್ಯಗಳು ನಡೆದರೆ ಅಪ್ಪ ಔಷಧಿ ಪೆಟ್ಟಿಗೆ ಹಿಡಿದು ಮೈದಾನದ ಗೆರೆಯ ಪಕ್ಕ ಕೂರುತ್ತಿದ್ದರು, ನಾನು ಅವರ ಪಕ್ಕ. ಮಂಡಿ ತರಚಿಕೊಂಡು ಬಂದವರಿಗೆ ಹತ್ತಿ ಕಿತ್ತುಕೊಡುತ್ತಲೇ ಆಟ ಕಲಿತೆ. ಯಜಮಾನರು ಚಿತ್ರದುರ್ಗದ ಕಡೆಯವರು, ಅವರಿಗೆ ಗೊತ್ತಿದ್ದದ್ದು ವಾಲಿಬಾಲ್. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದಿದ್ದರು. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನನಗೆ ಮಾತಿಗೆ ಮೊದಲು ಅಳು ಬರುತ್ತಿತ್ತು. ಒಂದು ಭಾನುವಾರ ಅವರು ಎಲ್ಲೋ ವಿಚಾರಿಸಿಕೊಂಡು ಬಂದು, "ಏಳೇ, ನಿಮ್ಮೂರಿನ ಆಟ ಇಲ್ಲೂ ಆಡ್ತಾರಂತೆ, ಹೋಗೋಣ" ಎಂದರು.

ಅರ್ಧ ಆಟ ಮುಗಿದರೂ ಅವರಿಗೆ ಚೆಂಡು ಕಣ್ಣಿಗೆ ಬಿದ್ದಿರಲಿಲ್ಲ.

"ಇದೇನೇ, ಕಡಲೆಕಾಳಿನ ಹಿಂದೆ ಇಪ್ಪತ್ತೆರಡು ಜನ ಬಗ್ಗಿಕೊಂಡು ಓಡ್ತಾರೆ. ಯಾರದ್ದೋ ಉಂಗುರ ಕಳೆದುಹೋದ ಹಾಗೆ."

"ಸುಮ್ನಿರಿ, ಪಕ್ಕದವರು ನೋಡ್ತಿದ್ದಾರೆ."

"ನೋಡ್ಲಿ. ಅವರಿಗೆ ಕನ್ನಡ ಬರಲ್ಲ."

ಹಾಗೆ ಹೇಳಿದ ಮನುಷ್ಯ ನಾಲ್ಕೈದು ಚಳಿಗಾಲದಲ್ಲಿ ನನಗಿಂತ ಹೆಚ್ಚು ಹುಚ್ಚರಾದರು. ದೆಹಲಿಗೇ ಒಂದು ತಂಡವಾದ ಮೇಲೆ, ಅದರ ಊರೊಳಗಿನ ಪಂದ್ಯ ಬಂದರೆ ಮನೆಯಲ್ಲಿ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳುವ ಹಾಗಿರಲಿಲ್ಲ. ಆಗೆಲ್ಲ ಟಿಕೆಟ್ ಎಂದರೆ ಕಿಟಕಿಯಲ್ಲಿ ಹರಿದು ಕೊಡುವ ಬಣ್ಣದ ಚೀಟಿ. ಮೊದಲು ಹೋದವರು ಬೇಕಾದಲ್ಲಿ ಕೂರಬಹುದಿತ್ತು. ನಾವು ಬೇಗ ಹೋಗಿ ಪೂರ್ವದ ಗ್ಯಾಲರಿಯ ಆರನೇ ಸಾಲಿನಲ್ಲಿ, ಮೆಟ್ಟಿಲ ಪಕ್ಕದ ಎರಡು ಸೀಟು ಹಿಡಿಯುತ್ತಿದ್ದೆವು. ಜನವರಿಯಲ್ಲಿ ಮಧ್ಯಾಹ್ನದ ಬಿಸಿಲು ಅಲ್ಲಿ ಕೊನೆಯವರೆಗೂ ಬೀಳುತ್ತದೆ. ಅಲ್ಲಿ ಕೂತು ಡಬ್ಬಿಯ ಅವಲಕ್ಕಿ ತಿನ್ನುತ್ತ, ಗೋಲಿಗೆ ದಾರಿಯಾಗುವ ಪೆನಾಲ್ಟಿ ಕಾರ್ನರ್ ನಮ್ಮವರಿಗೆ ಸಿಗಲಿ ಎಂದು ಕಾಯುತ್ತಿದ್ದೆವು.

ಐದಾರು ವರ್ಷದ ಹಿಂದೆ ತಂಡ ಬೇರೆಯವರ ಕೈಗೆ ಹೋಯಿತು. ಟಿಕೆಟ್ ಕಿಟಕಿ ಮುಚ್ಚಿತು. ಎಲ್ಲ ಆ್ಯಪಿಗೆ ಬಂತು. ಟಿಕೆಟಿನ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಯಾವ ಸೀಟನ್ನು ಜನ ಹೆಚ್ಚು ಕೇಳುತ್ತಾರೋ ಅದು ತಾನಾಗಿಯೇ ಏರುತ್ತಿತ್ತು. ಬಿಸಿಲು ಎಲ್ಲಿ ಬೀಳುತ್ತದೆಂದು ಆ ಆ್ಯಪಿಗೆ ಮೊದಲ ಚಳಿಗಾಲದಲ್ಲಿ ಗೊತ್ತಿರಲಿಲ್ಲ, ಎರಡನೆಯದರಲ್ಲಿ ಗೊತ್ತಾಗಿಹೋಯಿತು. ಸೀಟು ಉಳಿಸಿಕೊಳ್ಳಬೇಕಾದರೆ ಸದಸ್ಯರಾಗಬೇಕು. ಒಬ್ಬ ಸದಸ್ಯನಿಗೆ ಒಂದೇ ಸೀಟು, ಅದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಬಾಗಿಲಲ್ಲಿ ಫೋನಿನ ಆ್ಯಪಿನಲ್ಲಿ ಬರುವ ಚೌಕದ ಗುರುತನ್ನು ಯಂತ್ರಕ್ಕೆ ತೋರಿಸಿ ಒಳಗೆ ಬಂದರೆ ಹಾಜರಿ ಬೀಳುತ್ತದೆ. ಒಂದು ಋತುವಿನಲ್ಲಿ ಮೂರು ಪಂದ್ಯ ತಪ್ಪಿದರೆ ಮುಂದಿನ ಸಲ ಆ ಸೀಟು ಮಾರಾಟಕ್ಕೆ. ಒಂದೂ ತಪ್ಪದವರಿಗೆ ಅವರ ಹೆಸರು ಬರೆದ ತಂಡದ ಅಂಗಿಯನ್ನು, ಕೊನೆಯ ಪಂದ್ಯದ ದಿನ ಮೈದಾನಕ್ಕೆ ಕರೆದು ಕೊಡುತ್ತಾರೆ.

ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಸರ್ದಾರ್ಜಿ ಕೂರುತ್ತಾರೆ, ರೈಲ್ವೆಯಿಂದ ನಿವೃತ್ತರಾದವರು. ಅವರಿಗೆ ಕೆಂಡದಂಥ ಕೋಪ ಬಂತು.

"ಬಾಬೂಜಿ, ಈ ತಂಡ ಹುಟ್ಟಿದ ದಿನದಿಂದ ಇಲ್ಲಿ ಕೂತಿದ್ದೀನಿ. ಸೋತಾಗಲೂ ಕೂತಿದ್ದೀನಿ. ಈಗ ಇವರು ನನಗೆ ಪರೀಕ್ಷೆ ಇಡ್ತಾರಾ? ಕಮಾಲ್ ಹೈ!"

"ಕೊಡಿ ಸರ್ದಾರ್ಜಿ ನಿಮ್ಮ ಫೋನು" ಎಂದು ಇವರು ಅವರ ಫೋನಿಗೂ ಆ್ಯಪ್ ಹಾಕಿಕೊಟ್ಟರು. ನಿಯಮಗಳನ್ನೆಲ್ಲ ಕಾಗದದ ಮೇಲೆ ತೆಗೆಸಿಕೊಂಡು ಬಂದು, ಕಚೇರಿಯ ಕಡತದಂತೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿ ಓದಿದರು. ಬೈದರು, ಆದರೂ ಪಾಲಿಸಿದರು. ಇಡೀ ಜೀವನ ಹಾಗೇ ಇದ್ದವರು.

ಹಾಜರಿಯ ವಿಷಯದಲ್ಲಿ ಅವರು ಕಚೇರಿಯಲ್ಲಿ ಸ್ವಲ್ಪ ಕೆಟ್ಟ ಹೆಸರು ಪಡೆದಿದ್ದರು. ಅಲ್ಲಿ ಹಾಜರಿ ಪುಸ್ತಕ ಇದ್ದ ಕಾಲದಲ್ಲಿ ತಡವಾಗಿ ಬರುವವರು ಫೋನು ಮಾಡಿ, "ಯಾರ್, ಮೇರಾ ಭೀ ಲಗಾ ದೇನಾ" ಎನ್ನುವುದು ಮಾಮೂಲು. ಇವರು ಯಾರ ಸಹಿಯನ್ನೂ ಹಾಕಲಿಲ್ಲ. ಬೆರಳಿಡುವ ಯಂತ್ರ ಬಂದ ದಿನ ಮನೆಗೆ ಬಂದು, "ಇನ್ನು ನನ್ನನ್ನ ಯಾರೂ ಕೇಳೋ ಹಾಗಿಲ್ಲ" ಎಂದು ಮಗಳಿಗೂ ನನಗೂ ಜಿಲೇಬಿ ತಂದುಕೊಟ್ಟಿದ್ದರು.

ಕಳೆದ ಮಳೆಗಾಲದಲ್ಲಿ ಅವರ ಯಕೃತ್ತಿನ ಕಾಯಿಲೆ ಗೊತ್ತಾಯಿತು. ದಸರೆ ಹೊತ್ತಿಗೆ ಮಂಚದಿಂದ ಏಳುವುದೇ ಕಷ್ಟವಾಯಿತು. ಅದೇ ವಾರ ಸದಸ್ಯತ್ವ ಮುಂದುವರಿಸುವ ಸಂದೇಶ ಬಂದಾಗ ಇಬ್ಬರ ಫೋನನ್ನೂ ಕೇಳಿ ತೆಗೆದುಕೊಂಡರು.

"ಈಗ ಯಾಕ್ರೀ ಅದು?" ಎಂದೆ.

"ಜಾಗ ಹೋಗುತ್ತೆ ಕಣೇ. ಒಂದು ಸಲ ಹೋದ್ರೆ ಆ ಜಾಗ ನಮಗೆ ಸಿಗಲ್ಲ."

ಒಂದೊಂದೇ ಅಕ್ಷರ ಒತ್ತಿ, ನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡು, ಎರಡು ಸೀಟನ್ನೂ ಮುಂದುವರಿಸಿದರು. ನವೆಂಬರಿನಲ್ಲಿ ಹೊರಟುಹೋದರು.

ಅವರಿಲ್ಲದೆ ಆ ಋತುವಿನ ಮೊದಲ ಪಂದ್ಯಕ್ಕೆ ಹೋದಾಗ ನನಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಬಾಗಿಲಲ್ಲಿ ಗಂಡಸರ ತಪಾಸಣೆಯ ಸಾಲು ಯಾವಾಗಲೂ ಉದ್ದ, ಹೆಂಗಸರದು ಚಿಕ್ಕದು. ಹಾಗಾಗಿ ನಾನು ಮೊದಲು ಬಂದು ಎರಡು ಫೋನನ್ನೂ ತೋರಿಸುತ್ತಿದ್ದೆ, ಇವರು ಹಿಂದಿನಿಂದ ಬೆಲ್ಟ್ ಸರಿಮಾಡಿಕೊಳ್ಳುತ್ತ ಬಂದು ಸೇರಿಕೊಳ್ಳುತ್ತಿದ್ದರು. ನಿಯಮದ ಪ್ರಕಾರ ಅದು ತಪ್ಪೇ ಇರಬೇಕು, ಆದರೆ ಬಾಗಿಲ ಹುಡುಗಿಗೆ ನಮ್ಮಿಬ್ಬರ ಗುರುತಿತ್ತು. ಅವತ್ತೂ ಅವಳು ನನ್ನ ಫೋನು ನೋಡಿ, ಚೀಲದಿಂದ ಇಣುಕುತ್ತಿದ್ದ ಅವರ ಫೋನನ್ನೂ ತಾನೇ ತೆಗೆದುಕೊಂಡು ಯಂತ್ರಕ್ಕೆ ಹಿಡಿದಳು. ಎರಡು ಸಲ ಸದ್ದಾಯಿತು.

"ಆಂಟೀಜಿ, ಅಂಕಲ್ ಲೈನ್ ಮೇ ಹೈಂ?"

ಇವರು ಹಿಂದೆ ಸಾಲಿನಲ್ಲಿದ್ದಾರಾ ಎಂದು ಕೇಳುತ್ತಿದ್ದಳು. "ಹಾಂ" ಎಂದೆ.

ಅಷ್ಟೇ. ಹಿಂದೆ ಜನ ನೂಕುತ್ತಿದ್ದರು. ಒಳಗೆ ಹೋಗಿ ಕೂತೆ. ಪಕ್ಕದ ಸೀಟು ಮಡಿಚಿಕೊಂಡೇ ಇತ್ತು. ಅವರ ಫೋನು ತೆಗೆದು ನೋಡಿದರೆ, ಅವರ ಹೆಸರಿನ ಕೆಳಗೆ ಹಸಿರು ಬಣ್ಣದಲ್ಲಿ, ನಿಮ್ಮ ಸೀಟಿಗೆ ಸ್ವಾಗತ, ಆಟ ಆನಂದಿಸಿ ಎಂದು ಇಂಗ್ಲಿಷಿನಲ್ಲಿ ಬಂದಿತ್ತು. ಮನೆಯಲ್ಲಿ ಇಪ್ಪತ್ತೆರಡು ದಿನದಿಂದ ಬಂದು ಹೋದವರೆಲ್ಲ ಅವರು ಇಲ್ಲ ಎಂಬ ಮಾತನ್ನೇ ಆಡಿದ್ದರು. ಬ್ಯಾಂಕಿನಲ್ಲಿ, ಪಿಂಚಣಿ ಕಚೇರಿಯಲ್ಲಿ ನಾನೂ ಅದನ್ನೇ ಬರೆದುಕೊಟ್ಟಿದ್ದೆ. ಅವರು ನನ್ನ ಪಕ್ಕದಲ್ಲಿ ಕೂತಿದ್ದಾರೆ ಎಂದು ನಂಬಿದ್ದು ಆ ಆ್ಯಪ್ ಒಂದೇ. ಆ ಪಂದ್ಯದಲ್ಲಿ ಯಾರು ಗೆದ್ದರೋ ನನಗೆ ನೆನಪಿಲ್ಲ.

ಸರ್ದಾರ್ಜಿಗೆ ಮಾತ್ರ ನಿಜ ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕೇಳಿದರು, "ಭಾಭೀಜಿ, ಮತ್ತೆ ಅವರ ಹಾಜರಿ?"

"ಬಿತ್ತು" ಎಂದೆ.

ಅವರು ಅಳುತ್ತಲೇ ನಕ್ಕರು. "ಯಾರದ್ದೂ ಹಾಕದ ಮನುಷ್ಯ. ಅವರದ್ದನ್ನೇ ಹಾಕಿಬಿಟ್ರಾ?"

ಮುಂದಿನ ಪಂದ್ಯಕ್ಕೂ ಹಾಕಿದೆ. ಅದರ ಮುಂದಿನದಕ್ಕೂ. ಮಂಜು ಕವಿದು ಮೆಟ್ರೋ ಕಿಟಕಿಯಿಂದ ಏನೂ ಕಾಣದ ದಿನವೂ ಹೋದೆ. ನಾನು ಅದೇ ಮೆಟ್ರೋ ದಾರಿಯಲ್ಲಿ ಸಿಗುವ ಓಖ್ಲಾದ ಒಂದು ಸಿದ್ಧ ಉಡುಪಿನ ಘಟಕದಲ್ಲಿ ತಪಾಸಣೆ ಕೆಲಸ ಮಾಡುತ್ತೇನೆ, ಹೊಲಿದು ಬಂದ ಅಂಗಿಯನ್ನು ಒಳಹೊರಗು ನೋಡಿ, ಉಳಿದ ದಾರ ಕತ್ತರಿಸಿ ಮುಂದಕ್ಕೆ ಬಿಡುವುದು. ಶನಿವಾರ ಪಂದ್ಯವಿದ್ದರೆ ಅರ್ಧ ದಿನ ರಜೆ ಕೇಳಿ ಹೋದೆ. ಬಾಗಿಲ ಹುಡುಗಿ ಆಮೇಲೆ ಏನೂ ಕೇಳಲಿಲ್ಲ. ಅವರ ಆ ಸೀಟು ಅವರದ್ದಾಗಿಯೇ ಇರಬೇಕು ಎನ್ನುವುದೊಂದೇ ನನಗೆ ಬೇಕಾಗಿತ್ತು. ಬೇರೆ ಯಾರೋ ಬಂದು ಅಲ್ಲಿ ಕೂತು ಕಾಲು ಚಾಚುವುದನ್ನು ನೆನೆಸಿಕೊಂಡರೆ ಎದ್ದು ಅವರ ಫೋನನ್ನು ಮತ್ತೆ ಚಾರ್ಜಿಗೆ ಹಾಕುತ್ತಿದ್ದೆ.

ಮಗಳಿಗೆ ಗೊತ್ತಾಗದೆ ಇರಲಿಲ್ಲ. ಒಂದು ಭಾನುವಾರ ಬಂದವಳು ಎರಡು ಚಾರ್ಜರ್ ನೋಡಿದಳು.

"ಅಮ್ಮಾ, ಅಪ್ಪನ ನಂಬರ್ ಅಭೀ ತಕ್ ಚಾಲೂ ಇದೆಯಾ? ಬಂದ್ ಕರಾ ದೋ ನಾ. ರೀಚಾರ್ಜ್ ಯಾಕೆ ಮಾಡ್ತೀಯಾ?"

"ಇರ್ಲಿ ಬಿಡೇ."

ಅವಳು ನನ್ನ ಮುಖ ನೋಡಿದಳು. ಚಹಾ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತಳು.

ಕೊನೆಯ ಪಂದ್ಯಕ್ಕೆ ಹತ್ತು ದಿನ ಇರುವಾಗ ಅವರ ಫೋನಿಗೆ ಸಂದೇಶ ಬಂತು. ಅಭಿನಂದನೆಗಳು, ಈ ಋತುವಿನಲ್ಲಿ ನೀವು ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ನಮ್ಮ ಅತ್ಯಂತ ನಿಷ್ಠಾವಂತ ಅಭಿಮಾನಿಗಳಲ್ಲಿ ನೀವೂ ಒಬ್ಬರು. ಗುರುತಿನ ಚೀಟಿಯೊಂದಿಗೆ ಕಚೇರಿಗೆ ಬಂದು ಹೆಸರು ಖಚಿತಪಡಿಸಿ, ಮೈದಾನದಲ್ಲಿ ಅಂಗಿ ಸ್ವೀಕರಿಸಿ. ಅದೇ ಸಂದೇಶ ನನ್ನ ಫೋನಿಗೂ ಬಂದಿತ್ತು. ನನ್ನದನ್ನು ಓದಲಿಲ್ಲ. ಅವರದನ್ನು ಮೂರು ಸಲ ಓದಿದೆ. ಆ ಅಂಗಿಯ ಮೇಲೆ ಅವರಿಗೆ ಬಹಳ ಆಸೆಯಿತ್ತು. ಬದುಕಿದ್ದಾಗ ಒಂದು ವರ್ಷವೂ ಸಿಕ್ಕಿರಲಿಲ್ಲ.

ಗ್ಯಾಲರಿಯ ಕೆಳಗಿನ ಕಚೇರಿಗೆ ನಾನೇ ಹೋದೆ. ಟಿಕೆಟ್ ವಿಭಾಗದ ಅಧಿಕಾರಿಗೆ ಮೂವತ್ತರ ಆಸುಪಾಸು ವಯಸ್ಸು. ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಬಾಗಿಲ ಹುಡುಗಿಗೆ ಏನೂ ಗೊತ್ತಿಲ್ಲ, ಸುಳ್ಳು ಹೇಳಿದ್ದು ನಾನು, ಎಂದೂ ಹೇಳಿದೆ. ಅವರ ಸೀಟನ್ನು ನನ್ನ ಹೆಸರಿಗೆ ಮಾಡಿಕೊಡುತ್ತೀರಾ, ಎರಡೂ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ.

ಆತ ಕಾಗದವನ್ನು ಓದಿ, ನಿಧಾನವಾಗಿ ಮಡಿಚಿ, ನನ್ನ ಕಡೆಗೇ ತಳ್ಳಿದ.

"ಆಂಟೀಜಿ, ಒಬ್ಬರಿಗೆ ಒಂದೇ ಸೀಟು. ಇದು ನನ್ನ ಕೈಯಲ್ಲಿಲ್ಲ, ಸಿಸ್ಟಮ್ ಒಪ್ಪಲ್ಲ. ನಾನು ಇದನ್ನ ದಾಖಲು ಮಾಡಿದ್ರೆ ಇವತ್ತೇ ಅವರ ಸೀಟು ಮಾರಾಟಕ್ಕೆ ಹೋಗುತ್ತೆ."

"ಮತ್ತೆ?"

"ಮತ್ತೆ ಏನಿಲ್ಲ. ನೀವು ಬಂದೇ ಇಲ್ಲ, ನಾನು ಕೇಳಿಯೇ ಇಲ್ಲ. ಅಂಕಲ್ ಊರಿಗೆ ಹೋಗಿದ್ದಾರೆ ಅಂತ ಬರೆದುಕೊಂಡು ಅಂಗಿ ನಿಮ್ಮ ಕೈಗೇ ಕೊಡ್ತೀನಿ. ಮುಂದಿನ ವರ್ಷದ ಸಂದೇಶ ಬಂದಾಗ ಫೋನಿನಲ್ಲಿ ಒತ್ತಿಬಿಡಿ. ಸೀಟು ಅವರ ಹೆಸರಲ್ಲೇ ಇರುತ್ತೆ. ಎಷ್ಟು ವರ್ಷ ಬೇಕಾದ್ರೂ."

ಹಾಗೆ ಹೇಳಿ ಕಪಾಟಿನಿಂದ ಅಂಗಿ ತೆಗೆದು ಮೇಜಿನ ಮೇಲೆ ಹಾಸಿದ. ಬೆನ್ನ ಮೇಲೆ ಅವರ ಹೆಸರು, ಕೆಳಗೆ ಸೀಟಿನ ನಂಬರು. ನಾನು ಅದನ್ನು ಕೈಗೆ ತೆಗೆದುಕೊಂಡು ಒಳಹೊರಗು ತಿರುವಿ ಕಂಕುಳ ಹೊಲಿಗೆ ಎಳೆದು ನೋಡಿದೆ. ತೋಳಿನ ಅಂಚಿನಲ್ಲಿ ಒಂದು ದಾರ ಉಳಿದಿತ್ತು. ನನಗೆ ಬೇರೇನೂ ಮಾಡಲು ತೋಚಲಿಲ್ಲ. ಹೊಲಿಗೆ ಚೆನ್ನಾಗಿದೆ, ನಾಳೆ ಬರುತ್ತೇನೆ ಎಂದು ಹೇಳಿ ಎದ್ದೆ.

ಒಳ್ಳೆಯ ಮನುಷ್ಯ. ಅವನು ಕೊಟ್ಟ ದಾರಿ ನನಗೆ ಬೇಕಾದ ದಾರಿಯೇ ಆಗಿತ್ತು. ಒಂದು ಮಾತೂ ಆಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕು.

ಮೆಟ್ರೋದಲ್ಲಿ ಕೂತು ಅವರ ಫೋನಿನ ಆ್ಯಪ್ ತೆರೆದೆ. ಅದರಲ್ಲಿ ಹಿಂದಿನ ಋತುಗಳ ಹಾಜರಿಯ ಪುಟವಿದೆ, ನಾನು ಅಲ್ಲಿಯವರೆಗೆ ಅದನ್ನು ತೆರೆದಿರಲಿಲ್ಲ. ಬಂದ ಪಂದ್ಯಕ್ಕೆ ಹಸಿರು ಗುರುತು, ತಪ್ಪಿದ ಪಂದ್ಯಕ್ಕೆ ಕೆಂಪು. ಮೊದಲ ವರ್ಷ ಒಂದು ಕೆಂಪು. ಅವತ್ತು ಮಗಳ ಹನ್ನೆರಡನೇ ತರಗತಿಯ ಪ್ರಾಯೋಗಿಕ ಪರೀಕ್ಷೆ. ಅವಳಿಗೆ ಹೆದರಿಕೆಯೆಂದು ಇವರು ಶಾಲೆಯ ಗೇಟಿನ ಹೊರಗೆ ಮಧ್ಯಾಹ್ನವೆಲ್ಲ ನಿಂತಿದ್ದರು. ಎರಡನೆಯ ವರ್ಷ ಒಂದು ಕೆಂಪು, ನನ್ನ ಅಮ್ಮ ಹೋದಾಗ. ನಾನೊಬ್ಬಳೇ ಹೋಗಿಬರುತ್ತೇನೆ, ನಿಮ್ಮ ಪಂದ್ಯ ಬಿಡಬೇಡಿ ಎಂದಿದ್ದೆ. "ತಲೆ ಕೆಟ್ಟಿದೆಯೇನೇ ನಿನಗೆ" ಎಂದು ಬೈದು ಮಡಿಕೇರಿಯವರೆಗೂ ಬಂದರು. ಅದರ ಮುಂದಿನ ವರ್ಷದ ಕೆಂಪು ಏನೆಂದು ನೆನಪಾಗಲು ಮೆಟ್ರೋ ಓಖ್ಲಾ ತಲುಪಬೇಕಾಯಿತು. ಸರ್ದಾರ್ಜಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದ ದಿನ ಅದು, ಜೊತೆಗೆ ಬರುವವರು ಯಾರೂ ಇಲ್ಲ ಎಂದಿದ್ದರು. ಕಳೆದ ವರ್ಷದ್ದು ನನಗಾಗಿ. ದಟ್ಟ ಮಂಜಿನಲ್ಲಿ ಕಂಪನಿಯ ಬಸ್ಸು ಬರಲಿಲ್ಲ, ರಜೆಯ ದಿನವೂ ಕೆಲಸವಿತ್ತು. ಸ್ಕೂಟರಿನಲ್ಲಿ ನನ್ನನ್ನು ಘಟಕಕ್ಕೆ ಬಿಟ್ಟು, ವಾಪಸು ಕರೆದುಕೊಂಡು ಹೋಗಲು ಸಂಜೆಯವರೆಗೆ ಎದುರಿನ ಚಹಾ ಅಂಗಡಿಯಲ್ಲೇ ಕೂತಿದ್ದರು.

ಈ ವರ್ಷದ ಸಾಲು ಪೂರ್ತಿ ಹಸಿರು.

ಅದನ್ನು ನೋಡುತ್ತ ನೋಡುತ್ತ ನನಗೆ ನಾಚಿಕೆಯಾಗಲಿಲ್ಲ, ದುಃಖವಾಯಿತು. ಆ ಹಸಿರು ಸಾಲಿನಲ್ಲಿ ಅವರು ಇರಲಿಲ್ಲ. ಬದುಕಿದ್ದಿದ್ದರೆ ಈ ವರ್ಷವೂ ಯಾರಿಗಾಗಿಯಾದರೂ ಒಂದು ಪಂದ್ಯ ಬಿಟ್ಟಿರುತ್ತಿದ್ದರು. ಬಿಡದೆ ಇರುವುದು ಅವರಿಗೆ ಬರುತ್ತಿರಲಿಲ್ಲ. ಅವರನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ನಾನು ಬೇರೆ ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ.

ಮಾರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಘಟಕದ ಮೆಟ್ಟಿಲ ಮೇಲೆ ಕೂತು ಅವರ ಸದಸ್ಯತ್ವ ರದ್ದು ಮಾಡಿದೆ. ಆ್ಯಪ್ ಕಾರಣ ಕೇಳಿತು. ಊರು ಬದಲಾಗಿದೆ, ಬೆಲೆ ಹೆಚ್ಚು, ಆಸಕ್ತಿ ಇಲ್ಲ, ಬೇರೆ ಕಾರಣ. ಕೊನೆಯದನ್ನು ಒತ್ತಿದೆ. ಎರಡು ಸಲ ಖಚಿತವೇ ಎಂದು ಕೇಳಿತು. ಅವರ ಹೆಸರು ಪರದೆಯಿಂದ ಹೋಯಿತು. ಊಟದ ಡಬ್ಬಿ ತೆರೆಯದೆ ಹಾಗೇ ಕೂತಿದ್ದೆ. ಗಂಟೆ ಹೊಡೆದಾಗ ಎದ್ದು ಒಳಗೆ ಹೋದೆ.

ಅಧಿಕಾರಿಗೆ ಫೋನು ಮಾಡಿ ಹೇಳಿದೆ. "ಅಂಗಿಯನ್ನಾದ್ರೂ ತಗೊಂಡು ಹೋಗಿ ಆಂಟೀಜಿ, ಹೆಸರು ಇರೋದ್ರಿಂದ ಬೇರೆ ಯಾರಿಗೂ ಕೊಡಕ್ಕಾಗಲ್ಲ" ಎಂದ. ಬೇಡ ಎಂದೆ. ಮಗಳಿಗೆ ಎಲ್ಲವನ್ನೂ ಹೇಳಿದಾಗ ಅವಳು ಅತ್ತಳು, ಆಮೇಲೆ ರೇಗಿದಳು. "ಶರ್ಟ್ ತೋ ಲೇ ಲೇತೀ, ಅಮ್ಮಾ! ನಾನಾದ್ರೂ ಹಾಕ್ಕೋತಿದ್ದೆ." ಅಂಗಿಯ ವಿಷಯದಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಸರಿನ ಅಂಗಿಯನ್ನೂ ತೆಗೆದುಕೊಳ್ಳಲಿಲ್ಲ.

ಕೊನೆಯ ಪಂದ್ಯದ ದಿನ ಬಾಗಿಲಲ್ಲಿ ಒಂದೇ ಫೋನು ಕೊಟ್ಟೆ. ಹುಡುಗಿ ಇನ್ನೊಂದಕ್ಕೆ ಕೈ ಚಾಚಿದಳು.

"ಅಂಕಲ್ ಇಲ್ಲ ಮಗೂ. ನವೆಂಬರಿನಲ್ಲೇ ಹೋದರು. ನಿನಗೆ ಸುಳ್ಳು ಹೇಳಿದ್ದೆ, ಬುರಾ ಮತ್ ಮಾನನಾ, ಬೇಜಾರು ಮಾಡ್ಕೋಬೇಡ" ಎಂದೆ. ಅವಳು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಂದಿನವರು "ಚಲೋ ಚಲೋ" ಎಂದು ಕೂಗುವವರೆಗೂ ಬಿಡಲಿಲ್ಲ.

ಅವರ ಸೀಟು ಖಾಲಿ ಇತ್ತು. ರದ್ದು ಮಾಡಿದ್ದನ್ನು ಸರ್ದಾರ್ಜಿಗೆ ಮೊದಲೇ ತಿಳಿಸಿದ್ದೆ, ಅವರು ಆಗಲೇ ತಮ್ಮ ಫೋನಿನಲ್ಲಿ ನೋಡಿಕೊಂಡಿದ್ದರು. ಕೊನೆಯ ಪಂದ್ಯವೆಂದು ಆ್ಯಪ್ ಆ ಒಂದು ಸೀಟಿನ ಬೆಲೆಯನ್ನು ಎಷ್ಟು ಏರಿಸಿತ್ತೆಂದರೆ ಯಾರೂ ಕೊಂಡಿರಲಿಲ್ಲ. "ಇವರ ದುರಾಸೆಗೆ ಜೀವನದಲ್ಲಿ ಮೊದಲ ಸಲ ಶುಕ್ರಿಯಾ ಹೇಳ್ತೀನಿ, ಭಾಭೀಜಿ" ಎಂದರು. ಮೈದಾನದಲ್ಲಿ ಹನ್ನೆರಡೋ ಹದಿಮೂರೋ ಜನರನ್ನು ಕರೆದು ಅಂಗಿ ಕೊಟ್ಟರು. ನಾವು ಚಪ್ಪಾಳೆ ತಟ್ಟಿದೆವು.

ಮೂರನೆಯ ಭಾಗದ ಆಟ ನಡೆಯುತ್ತಿದ್ದಾಗ ಮೇಲಿನ ಸಾಲುಗಳಿಂದ ಒಬ್ಬ ಹೆಂಗಸು ಇಳಿದು ಬಂದಳು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಒಬ್ಬಳೇ. ಅಲ್ಲಿಂದ ಏನೂ ಕಾಣುತ್ತಿಲ್ಲವಂತೆ. ಮೆಟ್ಟಿಲ ಮೇಲೆ ನಿಂತು ಆ ಸೀಟು ತೋರಿಸಿ, ಅಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದಳು.

"ಆಂಟೀ, ಯಹಾಂ ಕೋಯೀ ಹೈ?"

ಹಿಂದಿನಿಂದ ಸರ್ದಾರ್ಜಿ ಏನೋ ಹೇಳಲು ಮುಂದೆ ಬಾಗಿದ್ದು ನನಗೆ ತಿಳಿಯಿತು. ಅವರು ಹೇಳುವ ಮೊದಲೇ ನಾನು ಹೇಳಿದೆ.

"ನಹೀಂ ಬೇಟಾ. ಕೋಯೀ ನಹೀಂ. ಬೈಠೋ."

ಅವಳು ಮಡಿಚಿದ್ದ ಸೀಟು ಬಿಡಿಸಿ ಕೂತಳು. ನಾನು ಆ ಕಡೆ ನೋಡದೆ ಮೈದಾನವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಮ್ಮವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿ ಇಡೀ ಗ್ಯಾಲರಿ ಎದ್ದು ನಿಂತಿತು. ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಎಲ್ಲರೂ ಹೋ ಎಂದು ಕೂತ ಮೇಲೆ ನೋಡಿದರೆ, ಉದ್ವೇಗದಲ್ಲಿ ಅವಳು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಕೈಯನ್ನು ಹಾಗೇ ಬಿಟ್ಟೆ.